ಒಂದೇ ಕಲ್ಲು, ಎರಡು ಮಣ್ಣು

ಮಂಗಳೂರಿನಿಂದ ಘಟ್ಟ ಹತ್ತಿ ವಿಜಯಪುರದವರೆಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಾಚೆಯ ಮಣ್ಣನ್ನು ನೋಡುತ್ತಿದ್ದರೆ ಸಾಕು, ಯಾವ ಸೀಮೆಗೆ ಬಂದೆವೆಂದು ಯಾರನ್ನೂ ಕೇಳಬೇಕಿಲ್ಲ. ಕರಾವಳಿಯಲ್ಲಿ ತೂತುತೂತಾದ ಮುರಕಲ್ಲು, ಘಟ್ಟದ ಆಚೆ ಬಯಲಿನಲ್ಲಿ ಕೆಂಪು ಹೊಲ, ಅದನ್ನೂ ದಾಟಿದರೆ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಕಲ್ಲು ಪುಡಿಯಾಗಿ ಮಣ್ಣಾಗುತ್ತದೆ, ಕಲ್ಲಿನಂತೆ ಮಣ್ಣು ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧ ಮಾತ್ರ ನಿಜ.

ಬಳ್ಳಾರಿ, ರಾಯಚೂರು ಕಡೆಯ ಇಳಿಜಾರು ನೆಲಗಳನ್ನು ನೋಡಿ. ಏರಿನ ಮೇಲೆ ಮಸಾರಿ, ಅಂದರೆ ತೆಳುವಾದ ಕೆಂಪು ಮಣ್ಣು. ಅದೇ ಇಳಿಜಾರಿನ ತಗ್ಗಿನಲ್ಲಿ ಆಳವಾದ ಕಪ್ಪು ಎರೆ. ಅನೇಕ ಕಡೆ ಎರಡರ ಕೆಳಗೂ ಇರುವುದು ಒಂದೇ ಬಗೆಯ ಕಲ್ಲು, ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯದಾದ ಗ್ರಾನೈಟ್ ಜಾತಿಯ ಶಿಲೆ. ವ್ಯತ್ಯಾಸ ಮಾಡಿದ್ದು ನೀರು. ಮೇಲೆ ಬಿದ್ದ ಮಳೆ ಕಲ್ಲಿನೊಳಗಿನ ಸುಣ್ಣ, ಮೆಗ್ನೀಸಿಯಂ, ಸಿಲಿಕಾಗಳನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಅಲ್ಲೇ ಉಳಿದ ಕಬ್ಬಿಣ ತುಕ್ಕು ಹಿಡಿದು ಮಣ್ಣು ಕೆಂಪಾಗುತ್ತದೆ. ತಗ್ಗಿನಲ್ಲಿ ನೀರು ನಿಂತು ಆರುತ್ತದೆ. ಅದು ಹೊತ್ತು ತಂದದ್ದೆಲ್ಲ ಅಲ್ಲಿಯೇ ಉಳಿದು ಬೇರೊಂದು ಜಾತಿಯ ಜೇಡಿ ಹುಟ್ಟುತ್ತದೆ.

ಮಣ್ಣು ಬರೀ ಕಲ್ಲಿನ ಪುಡಿಯಲ್ಲ. ಕಲ್ಲು, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಇವೆಲ್ಲ ಸೇರಿ ಅದನ್ನು ರೂಪಿಸುತ್ತವೆ ಎಂಬ ವಿಚಾರಕ್ಕೆ ಶಾಸ್ತ್ರದ ಬಲ ಕೊಟ್ಟವನು ರಷ್ಯದ ವಾಸಿಲಿ ಡೊಕುಚಾಯೆವ್. ಅಲ್ಲಿನ ಕಪ್ಪು ಮಣ್ಣಿನ ಕುರಿತ ಅವನ ಪುಸ್ತಕ 1883ರಲ್ಲಿ ಬಂತು. ಅವರ ಕಪ್ಪಿಗೂ ನಮ್ಮ ಕಪ್ಪಿಗೂ ನಂಟಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅಲ್ಲಿ ಚಳಿಯ ನಾಡಿನ ಹುಲ್ಲು ಕೊಳೆತು ಸೇರಿದ ಕಪ್ಪು. ನಮ್ಮ ಎರೆಯಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಬಣ್ಣ ನೋಡಿ ಗೊಬ್ಬರ ಬೇಡವೆಂದುಕೊಂಡರೆ ಕೆಟ್ಟೆವು.

ಕರಾವಳಿಯಲ್ಲಿ ಮಳೆ ವರ್ಷಕ್ಕೆ 3,000 ಮಿಲಿಮೀಟರ್ ಮೀರುತ್ತದೆ. ಇಷ್ಟು ನೀರು ಲಕ್ಷಾಂತರ ವರ್ಷ ತೊಳೆದರೆ ಕರಗುವುದೆಲ್ಲ ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಅದೇ ಮುರಕಲ್ಲು, ಪುಸ್ತಕದ ಮಾತಿನಲ್ಲಿ ಜಂಬಿಟ್ಟಿಗೆ. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಕರೆದ. 1807ರ ಅವನ ಗ್ರಂಥದಿಂದ ಆ ಹೆಸರು ಜಗತ್ತಿಗೇ ಹರಡಿತು.

ಹಾಗಾದರೆ ಬೀದರಿನಲ್ಲಿ ಮುರಕಲ್ಲು ಹೇಗೆ ಬಂತು? ಅಲ್ಲಿನ ಕೋಟೆಯ ಕಂದಕ ಕೊರೆದದ್ದೇ ಈ ಕಲ್ಲಿನಲ್ಲಿ. ಇಂದು ಅಲ್ಲಿ ಕರಾವಳಿಯ ಮಳೆಯಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ಹವೆ ಬೇರೆಯಿತ್ತು. ಮಣ್ಣು ಅದನ್ನು ನೆನಪಿಟ್ಟುಕೊಂಡಿದೆ.

ಇನ್ನು ವಿಜಯಪುರದ ಎರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಡಿದ ಲಾವಾ ಗಟ್ಟಿಯಾದ ಕಪ್ಪು ಕಲ್ಲು ಅದರ ತಾಯಿ. ಮಳೆ 600 ಮಿಲಿಮೀಟರ್ ಆಸುಪಾಸು. ತೊಳೆದು ಹೋಗುವಷ್ಟು ನೀರಿಲ್ಲದ್ದರಿಂದ ಸುಣ್ಣ ಅಲ್ಲೇ ಉಳಿಯುತ್ತದೆ. ಈ ಜೇಡಿಯ ಕಣ ಹಾಳೆಹಾಳೆಯಾಗಿದ್ದು, ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ದನದ ಕಾಲು ಸಿಕ್ಕುವಷ್ಟು ಬಾಯಿ ಬಿಡುವುದು ಇದಕ್ಕೇ. ಮೇಲಿನ ಮಣ್ಣು ಆ ಬಿರುಕಿಗೆ ಬೀಳುತ್ತದೆ, ಮಳೆಗೆ ಉಬ್ಬಿದಾಗ ಕೆಳಗಿನದು ಮೇಲೆ ನೂಕುತ್ತದೆ. ಹೀಗೆ ಎರೆ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ.

ಈ ಗುಣವನ್ನೇ ನಂಬಿ ಹಿಂಗಾರಿ ಬೇಸಾಯ ನಿಂತಿದೆ. ಮಳೆ ಮುಗಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳ, ಕಡಲೆ ಮುಂದೆ ಹನಿ ಬೀಳದಿದ್ದರೂ ನೆಲದೊಳಗಿನ ಹಸಿಯನ್ನೇ ಹೀರಿ ತೆನೆ ಕಾಳು ಕಟ್ಟುತ್ತವೆ.

ಅದೇ ಗುಣ ಕಾಲುವೆ ಬಂದಾಗ ತಿರುಗಿಬಿತ್ತು. ತುಂಗಭದ್ರಾ ಅಣೆಕಟ್ಟೆಯ ನೀರು 1953ರಿಂದ ಹರಿಯತೊಡಗಿತು. ಎಡದಂಡೆ ಕಾಲುವೆಯ ಬಹುಭಾಗಕ್ಕೆ ಯೋಜಿಸಿದ್ದು ಕಡಿಮೆ ನೀರು ಬೇಡುವ ಬೆಳೆ. ರೈತರು ಹಿಡಿದದ್ದು ಭತ್ತ. ಭತ್ತಕ್ಕೆ ಬೆಲೆಯಿತ್ತು, ರೈತರನ್ನು ದೂರಿ ಫಲವಿಲ್ಲ. ಆದರೆ ನೀರನ್ನು ಬಿಟ್ಟುಕೊಡದ ಎರೆಯಲ್ಲಿ ವರ್ಷವಿಡೀ ನೀರು ನಿಂತರೆ ಅಂತರ್ಜಲ ಮೇಲೇರುತ್ತದೆ, ಜೊತೆಗೆ ತಳದ ಉಪ್ಪೂ. ಬಿಸಿಲಿಗೆ ನೀರು ಆರಿ, ಉಪ್ಪು ಮೇಲೆ ಬೆಳ್ಳಗೆ ಕೂಡುತ್ತದೆ. ರೈತರ ಬಾಯಲ್ಲಿ ಅದು ಸವಳು. ಗಂಗಾವತಿ, ಸಿಂಧನೂರು ಸುತ್ತಿನ ತಗ್ಗು ಹೊಲಗಳಲ್ಲಿ ಬೆಳೆ ಸೊರಗಿದ್ದು ಹೀಗೆ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆಯೇ ಕೆಲಸ ಮಾಡುತ್ತಿದೆ. ನೆಲದಡಿ ರಂಧ್ರದ ಪೈಪು ಹೂತು ಉಪ್ಪುನೀರನ್ನು ಬಸಿದು ತೆಗೆಯುವುದು ಒಂದು ದಾರಿ. ಸೋಡಿಯಂ ಹೆಚ್ಚಾದ ಕಡೆ ಜಿಪ್ಸಂ ಕೂಡ ಬೇಕು. ಬಸಿದ ನೀರು ಹಳ್ಳ ಸೇರಬೇಕಾದ್ದರಿಂದ ಪೈಪು ಒಬ್ಬನ ಹೊಲದಲ್ಲಿ ನಿಲ್ಲುವುದಿಲ್ಲ. ಅಕ್ಕಪಕ್ಕದ ರೈತರೆಲ್ಲ ಒಪ್ಪಿ ಒಟ್ಟಿಗೆ ಅಗೆಯಬೇಕು, ಭತ್ತ ಕೊಯ್ದು ಮತ್ತೆ ನೀರು ಬಿಡುವುದರೊಳಗೆ.