ಅರಗಿನ ಮೆರುಗು ಬಂದ ದಾರಿ

ಮರದ ತುಂಡಿನ ಸುತ್ತ ಎಪಾಕ್ಸಿ ರೆಸಿನ್ ಎರಕ ಹೊಯ್ದು, ಗಟ್ಟಿಯಾದ ಮೇಲೆ ಲೇತ್‌ಗೆ ಕೊಟ್ಟು ಕಡೆದು, ಫಳಫಳ ಹೊಳೆಯುವ ಪೆನ್ನು, ಬಟ್ಟಲು ಮಾಡುವವರು ಈಗ ಬಹಳ. ರೆಸಿನ್ ಅಂದರೆ ರಾಳ. ಮರಕ್ಕೂ ರಾಳಕ್ಕೂ ಇರುವ ನಂಟು ನಮ್ಮ ಸೀಮೆಗೆ ಹಳೆಯದು. ಬಿಡದಿಯಿಂದ ಮೈಸೂರು ರಸ್ತೆ ಹಿಡಿದು ರಾಮನಗರ ದಾಟಿದರೆ ಚನ್ನಪಟ್ಟಣ. ಅಲ್ಲಿನ ಗೊಂಬೆಗಳ ಹೊಳಪೂ ರಾಳದ್ದೇ, ಅರಗಿನದು.

ಮುತ್ತುಗ, ಎಲಚಿಯಂಥ ಮರಗಳ ರೆಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅಂಟೇ ಅರಗು. ಅದನ್ನು ಕಾಯಿಸಿ, ಬಣ್ಣ ಬೆರೆಸಿ ಕಡ್ಡಿ ಮಾಡಿಕೊಳ್ಳುತ್ತಾರೆ. ಗೊಂಬೆಗೆ ಬಳಸುವುದು ಹೆಚ್ಚಾಗಿ ಆಲೆ ಮರ. ಬಿಳುಪು ಬಣ್ಣ, ನಯವಾದ ಎಳೆ, ಉಳಿಗೆ ಸುಲಭವಾಗಿ ಒಗ್ಗುವ ಗುಣ. ಹಸಿ ಮರ ಸೀಳು ಬಿಡುವುದರಿಂದ ತಿಂಗಳುಗಟ್ಟಲೆ ಒಣಗಿಸಿಯೇ ಕೆಲಸಕ್ಕೆ ಇಳಿಯಬೇಕು.

ಕಡೆದ ಗೊಂಬೆ ಲೇತ್‌ನಲ್ಲಿ ಸುತ್ತುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲಿಗೆ ಕಾಣುವುದು ಮಂಕಾದ, ಪಟ್ಟೆಪಟ್ಟೆಯಾದ ಬಣ್ಣ. ಅದರ ಮೇಲೆ ತಾಳೆಗರಿಯ ತುಂಡು ಇಟ್ಟು ಒತ್ತಿದರೆ ಪಟ್ಟೆಗಳು ಹರಡಿ ಒಂದಾಗಿ, ನೋಡನೋಡುತ್ತಲೇ ಮೈ ಮಿರುಗುತ್ತದೆ. ಕುಂಚ ಬೇಕಿಲ್ಲ, ಬಣ್ಣ ಒಣಗಲೆಂದು ಕಾಯಬೇಕಿಲ್ಲ.

ಈ ಕಸುಬಿನ ಬೇರು ಟಿಪ್ಪು ಸುಲ್ತಾನನ ಕಾಲದಲ್ಲಿ ಬಂದ ಪರ್ಷಿಯಾದ ಕುಶಲಕರ್ಮಿಗಳಲ್ಲಿದೆ ಎಂಬುದು ಪ್ರತೀತಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರಗಳನ್ನು ಅಳವಡಿಸಿ ಕಸುಬಿಗೆ ಹೊಸ ರೂಪ ಕೊಟ್ಟ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎನ್ನುತ್ತಾರೆ. ಮುಂದೆ ಕೈ ಲೇತ್ ಜೊತೆಗೆ ವಿದ್ಯುತ್ ಲೇತ್ ಬಂತು. ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ಅದೇ ಶತಮಾನದ ಆರಂಭದಲ್ಲಿ ಹೊರಜಗತ್ತಿಗೂ ಅರಗು ಬೇಕಾಗಿತ್ತು. ಗ್ರಾಮಫೋನ್ ತಟ್ಟೆಗೆ ಅರಗು, ವಿದ್ಯುತ್ ಉಪಕರಣಗಳ ನಿರೋಧಕಕ್ಕೆ ಅರಗು. ಕೀಟಗಳು ಕೊಡುವಷ್ಟು ಸಾಲದಾದಾಗ ಅದಕ್ಕೆ ಬದಲಿ ಹುಡುಕುತ್ತ ಹೊರಟ ರಸಾಯನ ವಿಜ್ಞಾನಿ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ತಯಾರಿಸಿದರು. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಅದು. ಎಪಾಕ್ಸಿ ಬಂದದ್ದು ಅದಾದ ಮೇಲೆ, 1930ರ ದಶಕದಲ್ಲಿ. ಹೀಗೆ ಕೃತಕ ರಾಳದ ಕಥೆಯೂ ಅರಗಿನಿಂದಲೇ ಶುರುವಾಗುತ್ತದೆ.

ಎಪಾಕ್ಸಿ, ಅರಗು ಎರಡರ ಗುಣ ಬೇರೆ. ಗಟ್ಟಿಕಾರಕ ಬೆರೆಸಿದ ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಮರದ ಬಿರುಕು, ಪೊಟರೆಗಳನ್ನೂ ತುಂಬುತ್ತದೆ. ಅರಗು ಬಿಸಿಗೆ ಮೆದುವಾಗುತ್ತದೆ, ಸ್ಪಿರಿಟ್‌ಗೆ ಕರಗುತ್ತದೆ. ಆದರೆ ಮಗು ಬಾಯಿಗಿಡುವ ಗಿಲಕಿಗೆ ಅರಿಶಿನ, ನೀಲಿಯಂಥ ಸಸ್ಯಜನ್ಯ ಬಣ್ಣ ಬೆರೆಸಿದ ಅರಗಿಗಿಂತ ಒಪ್ಪುವ ಹೊದಿಕೆ ಇನ್ನೊಂದಿಲ್ಲ.

ಮುಂದಿನ ಸಲ ಹೆದ್ದಾರಿ ಬದಿಯ ಅಂಗಡಿಯಲ್ಲಿ ಗೊಂಬೆ ಕೊಳ್ಳುವಾಗ ಬಣ್ಣ ಪೇಂಟಿನದೋ ಅರಗಿನದೋ ಕೇಳಿ. ಅರಗಿನದಾದರೆ ಚೌಕಾಸಿ ಮಾಡದೆ ಕೊಳ್ಳಿ. ಕೊಳ್ಳುವವರು ಇದ್ದರೆ ಮಾತ್ರ ಈ ಕಸುಬು ಉಳಿಯುತ್ತದೆ.