ಲಗಾಮು ಬಿಡುವ ವಿದ್ಯೆ

ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ಹುಟ್ಟಿದ್ದು ಸೋಮಾರಿಗಳನ್ನು ನೋಡಿ. ನನ್ನ ಪಾಲಿಗೆ ಮಾತ್ರ ಅದು ಪ್ರತಿ ಸೋಮವಾರ ಅಕ್ಷರಶಃ ನಿಜವಾಗುತ್ತದೆ. ಮೆಜೆಸ್ಟಿಕ್ಕಿನ ಮೆಟ್ರೊ ಮೆಟ್ಟಿಲುಗಳನ್ನು ಕಂಬಿ ಹಿಡಿದು ಒಂದೊಂದಾಗಿ ಇಳಿಯುವುದನ್ನು ಕಂಡ ಸಹೋದ್ಯೋಗಿಗಳು ‘ಮತ್ತೆ ಬಿದ್ರಾ?’ ಎನ್ನುತ್ತಾರೆ. ಬಿದ್ದಿರುವುದಿಲ್ಲ. ಬಿದ್ದೇನೆಂಬ ಹೆದರಿಕೆಯಲ್ಲಿ ಎರಡು ದಿನ ತೊಡೆಗಳಿಂದ ಕುದುರೆಯನ್ನು ಅವುಚಿಕೊಂಡಿದ್ದರ ಫಲ ಅದು. ಹಾಗೆ ಅವುಚಬೇಡಿ ಎಂದು ನಮ್ಮ ಮೇಷ್ಟ್ರು ಎರಡು ವರ್ಷದಿಂದ ಹೇಳುತ್ತಲೇ ಇದ್ದಾರೆ.

ನಲವತ್ತು ದಾಟಿದ ಮೇಲೆ ಕುದುರೆ ಹತ್ತಿದವಳು ನಾನು. ವಾರದ ಐದು ದಿನ ಲೆಕ್ಕಪತ್ರ, ಉಳಿದೆರಡು ದಿನ ಬೆಂಗಳೂರಿನ ಉತ್ತರದ ಅಂಚಿನ ಒಂದು ಲಾಯ. ಅಲ್ಲಿ ನಾನು ಕಲಿಯುತ್ತಿರುವುದಕ್ಕೆ ಡ್ರೆಸ್ಸೇಜ್ ಎಂದು ಹೆಸರು. ಬಟ್ಟೆಗೂ ಅದಕ್ಕೂ ನಂಟಿಲ್ಲ. ಪಳಗಿಸು, ತರಬೇತಿ ಕೊಡು ಎಂಬರ್ಥದ ಫ್ರೆಂಚ್ ಪದದಿಂದ ಬಂದ ಮಾತು. ಟೀವಿಯಲ್ಲಿ ನೋಡಿದರೆ ಟೋಪಿ ತೊಟ್ಟ ಒಬ್ಬರು ಸುಮ್ಮನೆ ಕೂತಿರುತ್ತಾರೆ, ಕೆಳಗೆ ಕುದುರೆ ತನ್ನ ಪಾಡಿಗೆ ಕುಣಿಯುತ್ತಿರುತ್ತದೆ. ‘ಇವರು ಏನು ಮಾಡ್ತಿದಾರೆ?’ ಎಂದು ನನ್ನ ತಾಯಿ ಕೇಳಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಸವಾರರಿಗೆ ಸಿಕ್ಕಲಾರದು.

ಶನಿವಾರ ಬೆಳಿಗ್ಗೆ ಆರಕ್ಕೆ ಲಾಯದಲ್ಲಿರಬೇಕು. ಸವಾರಿಗಿಂತ ಮುಂಚಿನ ಚಾಕರಿಯೇ ಮುಕ್ಕಾಲು ಗಂಟೆ. ಮೈ ಉಜ್ಜುವುದು, ಜೂಲು ಬಾಚುವುದು, ಒಂದೊಂದೇ ಕಾಲೆತ್ತಿ ಗೊರಸಿನಡಿಯ ಮಣ್ಣು, ಕಲ್ಲು ಕೆರೆಯುವುದು. ಕುದುರೆಯ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಮಾತಾಡುತ್ತಾ, ಭುಜದ ಕಡೆಯಿಂದ ಹತ್ತಿರ ಹೋಗಬೇಕು. ತಡಿ ಹಾಕುವುದೂ ಹತ್ತುವುದೂ ಎಡಗಡೆಯಿಂದ. ಸೊಂಟದ ಎಡಕ್ಕೆ ಕತ್ತಿ ನೇತುಹಾಕಿಕೊಳ್ಳುತ್ತಿದ್ದ ಕಾಲದ ರೂಢಿ ಇದು ಎನ್ನುತ್ತಾರೆ. ಕತ್ತಿ ಹೋಗಿ ಮೊಬೈಲ್ ಬಂದಿದೆ, ಎಡಗಡೆ ಹಾಗೇ ಉಳಿದಿದೆ.

ನನ್ನ ಪಾಲಿಗೆ ಬಂದವನು ಕರಿಯ. ಮೈಬಣ್ಣ ಕಂದು, ಹೆಸರು ಮಾತ್ರ ಕರಿಯ. ರೇಸಿನಿಂದ ನಿವೃತ್ತನಾದ ಥರೋಬ್ರೆಡ್, ಸುಮಾರು ಐನೂರು ಕೆಜಿ. ಅವನನ್ನು ನೋಡಿಕೊಳ್ಳುವವರನ್ನು ಎಲ್ಲರೂ ಸೈಸಣ್ಣ ಎಂದೇ ಕರೆಯುತ್ತಾರೆ. ಕುಣಿಗಲ್ ಕಡೆಯವರು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಆ ಊರಿನ ಸ್ಟಡ್ ಫಾರ್ಮಿನ ನೆರಳಲ್ಲಿ ಬೆಳೆದವರಾದ್ದರಿಂದ ಅವರ ಮುಂದೆ ಕುದುರೆಯ ಬಗ್ಗೆ ಬಾಯಿ ಬಿಡಲು ನನಗೆ ಧೈರ್ಯವಿಲ್ಲ.

ಮೊದಲ ಪಾಠ ಹಗ್ಗದ ತುದಿಯಲ್ಲಿ. ಮೇಷ್ಟ್ರು ನಡುವೆ ನಿಂತು ಉದ್ದದ ಹಗ್ಗ ಹಿಡಿದಿರುತ್ತಾರೆ, ಕರಿಯ ಸುತ್ತ ಸುತ್ತುತ್ತಾನೆ, ನನ್ನ ಕೈಯಲ್ಲಿ ಲಗಾಮಿಲ್ಲ, ಕಾಲಿಗೆ ರಿಕಾಪಿಲ್ಲ. 16ನೇ ಶತಮಾನದಿಂದ ನಡೆದುಬಂದಿರುವ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ, ಬಿಳಿ ಲಿಪಿಜಾನರ್ ಕುದುರೆಗಳ ಮೇಲೆ ಹೊಸಬರನ್ನು ಹೀಗೆ ತಿಂಗಳುಗಟ್ಟಲೆ ಸುತ್ತಿಸುತ್ತಾರೆ. ಆಸನ ಗಟ್ಟಿಯಾಗುವ ತನಕ ಲಗಾಮು ಕೊಡುವುದಿಲ್ಲ. ಅದರ ಮರ್ಮ ಮೊದಲ ದಿನವೇ ತಿಳಿಯುತ್ತದೆ: ಹಿಡಿಯಲು ಏನಾದರೂ ಸಿಕ್ಕರೆ ಮನುಷ್ಯ ಹಿಡಿದೇ ಹಿಡಿಯುತ್ತಾನೆ.

ನಡಿಗೆಗಳ ಲೆಕ್ಕ ನನಗೆ ಹತ್ತಿದ್ದು ಚಿಕ್ಕಂದಿನ ಸಂಗೀತ ಪಾಠದಿಂದ. ಕುದುರೆಯ ಸಾಮಾನ್ಯ ನಡಿಗೆಗೆ ನಾಲ್ಕು ಪೆಟ್ಟು, ತಕಧಿಮಿ. ಟ್ರಾಟ್‌ಗೆ ಎರಡು, ತಕ ತಕ. ಕರ್ಣದ ಎರಡು ಕಾಲುಗಳು ಒಟ್ಟಿಗೆ ಬೀಳುತ್ತವೆ. ಕ್ಯಾಂಟರ್‌ಗೆ ಮೂರು, ತಕಿಟ. ಮೂರನೆಯದಾದ ಮೇಲೆ ನಾಲ್ಕೂ ಕಾಲು ನೆಲ ಬಿಟ್ಟ ಒಂದು ಕ್ಷಣ ಇದೆ, ಅದನ್ನು ಕಾರ್ವೆ ಎನ್ನಬಹುದು. ಅಮರಕೋಶ ಕುದುರೆಯ ಗತಿಗಳನ್ನು ಐದು ‘ಧಾರೆ’ಗಳಾಗಿ ಹೆಸರಿಸಿದೆ. ಕಲ್ಯಾಣದ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ‘ವಾಜಿವಾಹ್ಯಾಲೀ ವಿನೋದ’ ಎಂದು ಕುದುರೆಯಾಟಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ಹಾಗೆಂದು ಡ್ರೆಸ್ಸೇಜ್ ನಮ್ಮದೇ ಎಂದು ನಾನು ವಾದಿಸುತ್ತಿಲ್ಲ. ಅದು ಯೂರೋಪಿನ ಸೇನೆ, ಅರಮನೆಗಳಲ್ಲಿ ಬೆಳೆದದ್ದು. ಅದರ ತಾತ್ವಿಕ ಬೇರು ಹುಡುಕಿದರೆ ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫನ್ ಸಿಗುತ್ತಾನೆ. ನರ್ತಕನನ್ನು ಚಾಟಿಯಿಂದ ಕುಣಿಸಿದರೆ ಚೆಂದವಿರುತ್ತದೆಯೇ, ಕುದುರೆಯೂ ಹಾಗೆಯೇ ಎಂಬರ್ಥದ ಮಾತನ್ನು ಅವನು ಆಗಲೇ ಬರೆದಿಟ್ಟಿದ್ದ.

ಹತ್ತು ಗಂಟೆಗೆ ಎರಡನೆಯ ಪಾಠ, ಈಗ ಲಗಾಮಿನೊಂದಿಗೆ, ಕಣದೊಳಗೆ. ದೊಡ್ಡ ಸ್ಪರ್ಧೆಗಳ ಕಣ 60 ಮೀಟರ್ ಉದ್ದ, 20 ಮೀಟರ್ ಅಗಲ. ನಮ್ಮಂಥವರಿಗೆ ಉದ್ದ 40 ಸಾಕು. ಸುತ್ತಲೂ ಅಕ್ಷರ ಬರೆದ ಹಲಗೆಗಳು: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಈ ಕ್ರಮ ಯಾಕೆ ಎಂದು ಕೇಳಿದರೆ ಹತ್ತು ಜನ ಹತ್ತು ಕತೆ ಹೇಳುತ್ತಾರೆ. ನಟ್ಟನಡುವೆ ಎಕ್ಸ್ ಎಂಬ ಬಿಂದುವಿದೆ, ಅಲ್ಲಿ ಹಲಗೆಯೂ ಇಲ್ಲ, ಗುರುತೂ ಇಲ್ಲ. ಪರೀಕ್ಷೆಯಲ್ಲಿ ಎ ಕಡೆಯಿಂದ ಒಳಬಂದು, ಆ ಕಾಣದ ಬಿಂದುವಿನಲ್ಲಿ ಕಲ್ಲಿನಂತೆ ನಿಂತು, ಸಿ ಬಳಿ ಕೂತ ತೀರ್ಪುಗಾರರಿಗೆ ವಂದಿಸಬೇಕು.

ಮಾಡಬೇಕಾದ ಕೆಲಸ ಬಲು ಸರಳ: 20 ಮೀಟರಿನ ಒಂದು ವೃತ್ತ. ನಾನು ಬಿಡಿಸಿದ್ದೆಲ್ಲ ಮೊಟ್ಟೆ. ಬಾಗಿಲಿನ ಕಡೆ ಉಬ್ಬುತ್ತದೆ, ಯಾಕೆಂದರೆ ಕರಿಯನ ಮನಸ್ಸು ಬಾಗಿಲಾಚೆಯ ಕುದುರೆ ಮಸಾಲೆ ಸೊಪ್ಪಿನ ಮೇಲಿದೆ. ಮೂರನೆಯ ಸುತ್ತಿನಲ್ಲಿ ಬೇಲಿಯಾಚೆ ಒಂದು ಟಾರ್ಪಾಲು ಪಟಪಟ ಎಂದಿತು. ಕರಿಯ ಪಕ್ಕಕ್ಕೆ ಹಾರಿದ. ನಾನು ಎಳೆದೆ. ಅವನು ಓಡಿದ. ಇನ್ನೂ ಬಿಗಿಯಾಗಿ ಎಳೆದೆ. ಇನ್ನೂ ಜೋರಾಗಿ ಓಡಿದ.

ಇಲ್ಲಿದೆ ನೋಡಿ ತೊಡಕು. ರೇಸಿನ ಜಾಕಿ ಲಗಾಮನ್ನು ಗಿಡ್ಡವಾಗಿ, ಬಿಗಿಯಾಗಿ ಹಿಡಿದಿರುತ್ತಾನೆ, ಕುದುರೆ ಆ ಹಿಡಿತಕ್ಕೆ ಒರಗಿಕೊಂಡೇ ಓಡಲು ಕಲಿಯುತ್ತದೆ. ಕರಿಯನ ಭಾಷೆಯಲ್ಲಿ ಲಗಾಮು ಬಿಗಿಯಾಯಿತೆಂದರೆ ‘ಓಡು’ ಎಂದು. ನನ್ನ ಭಾಷೆಯಲ್ಲಿ ಅದು ‘ನಿಲ್ಲು’. ಇಬ್ಬರೂ ಒಂದೇ ಮಾತನ್ನು ಕೂಗಿ ಕೂಗಿ ಹೇಳುತ್ತಿದ್ದೆವು.

ಡ್ರೆಸ್ಸೇಜಿನ ಅರ್ಧ ವಿದ್ಯೆ ಈ ಭಾಷೆ ಬದಲಿಸುವುದರಲ್ಲಿದೆ. ಹಾಫ್ ಹಾಲ್ಟ್ ಎನ್ನುವ ಒಂದು ಸೂಚನೆ ಇದೆ. ಬೆನ್ನನ್ನು ಒಂದು ಉಸಿರಿನಷ್ಟು ಹೊತ್ತು ಗಟ್ಟಿ ಮಾಡುವುದು, ಕಾಲುಗಳನ್ನು ಮೈಗೆ ಹತ್ತಿರ ತರುವುದು, ಬೆರಳುಗಳನ್ನು ಒದ್ದೆ ಸ್ಪಂಜು ಹಿಂಡುವಷ್ಟು ಮುಚ್ಚುವುದು, ಮರುಕ್ಷಣವೇ ಬಿಡುವುದು. ಹಿಡಿದದ್ದಕ್ಕಲ್ಲ, ಬಿಟ್ಟಿದ್ದಕ್ಕೆ ಕುದುರೆ ಉತ್ತರ ಕೊಡುತ್ತದೆ. ಮೈಮೇಲೆ ನೊಣ ಕೂತರೂ ಅಷ್ಟೇ ಜಾಗದ ಚರ್ಮ ಅಲುಗಿಸುವ ಪ್ರಾಣಿಗೆ ನನ್ನ ಕೂಗಾಟ ಹೇಗನ್ನಿಸಿರಬೇಕು? ಕಡಿವಾಣದ ಕಬ್ಬಿಣ ಕೂರುವುದು ಮುಂಬಲ್ಲು, ದವಡೆಹಲ್ಲುಗಳ ನಡುವೆ ಹಲ್ಲಿಲ್ಲದ ಬರೀ ವಸಡಿನ ಮೇಲೆ.

ಪಾಠ ಮುಗಿದ ಮೇಲೆ ಸೈಸಣ್ಣ ಕಡಿವಾಣ ಕಳಚಿ, ಒದ್ದೆ ಬಟ್ಟೆಯಿಂದ ಕರಿಯನ ಬಾಯಿಯ ಎರಡೂ ಅಂಚು ಒರೆಸಿದರು. ಎಡಗಡೆ ಕೆಂಪಾಗಿತ್ತು. ನನ್ನನ್ನು ಒಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಹಳೆಯ ಸ್ಪರ್ಧೆಗಳ ವಿಡಿಯೊ ನೋಡುತ್ತಾ ಕೂತೆವು. ಹೆಚ್ಚು ಸಲ ಓಡಿದ್ದು 2023ರ ಸೆಪ್ಟೆಂಬರ್ 26, ಹಾಂಗ್‌ಝೌ ಏಷ್ಯನ್ ಗೇಮ್ಸ್. ಅನುಷ್ ಅಗರವಾಲ್ಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ತಂಡ ಡ್ರೆಸ್ಸೇಜಿನಲ್ಲಿ 209.205 ಅಂಕ ಗಳಿಸಿ ಚಿನ್ನ ಗೆದ್ದ ದಿನ. ಕುದುರೆ ಸವಾರಿಯಲ್ಲಿ ಭಾರತಕ್ಕೆ 1982ರ ದೆಹಲಿಯ ನಂತರ ಬಂದ ಮೊದಲ ಏಷ್ಯನ್ ಚಿನ್ನ. ನಾಲ್ವರೂ ವರ್ಷಗಟ್ಟಲೆ ಯೂರೋಪಿನಲ್ಲಿ ಕಲಿತವರು ಎಂಬುದನ್ನು ಮುಚ್ಚಿಡಬೇಕಿಲ್ಲ. ಇದು ದುಬಾರಿ ಆಟ, ಕರಿಯನ ಮೇಲಿನ ನನ್ನ ಅರ್ಧ ಗಂಟೆಯೂ ಜೇಬಿಗೆ ಭಾರವೇ. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಆಡುವುದು ಈವೆಂಟಿಂಗ್, ಆದರೆ ಅದರ ಮೊದಲ ಹಂತವೂ ಡ್ರೆಸ್ಸೇಜೇ. ಟೋಕಿಯೊ ಒಲಿಂಪಿಕ್ಸಿನಲ್ಲಿ ಆ ಹಂತ ಮುಗಿದಾಗ ಅವರು ಮೊದಲ ಹತ್ತರೊಳಗಿದ್ದರು, ಕೊನೆಗೆ 23ನೆಯವರಾದರು.

ನನಗೆ ಇವರೆಲ್ಲರಿಗಿಂತ ಹತ್ತಿರದವಳು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ, ಬಸುರಿಯಾಗಿದ್ದಾಗ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಆಕೆಯ ಸ್ವಾಧೀನ ತಪ್ಪಿತು. ಕುದುರೆ ಹತ್ತಿಸಲೂ ಇಳಿಸಲೂ ಬೇರೆಯವರು ಬೇಕು. ಒಲಿಂಪಿಕ್ಸಿನ ಡ್ರೆಸ್ಸೇಜ್ ಆಗ ಸೈನ್ಯಾಧಿಕಾರಿಗಳ ಸ್ವತ್ತು. ಎಷ್ಟರಮಟ್ಟಿಗೆಂದರೆ, 1948ರ ಲಂಡನ್ನಿನಲ್ಲಿ ಗೆದ್ದ ಸ್ವೀಡನ್ ತಂಡದ ಒಬ್ಬ ಸವಾರ ಅಸಲಿಗೆ ಸಾರ್ಜೆಂಟ್, ಸ್ಪರ್ಧೆಗೆಂದು ಬಡ್ತಿ ಪಡೆದವನು ಎಂದು ತಿಳಿದು ಚಿನ್ನವನ್ನೇ ಹಿಂದೆ ಪಡೆದರು. 1952ರ ಹೆಲ್ಸಿಂಕಿಯಲ್ಲಿ ಆ ನಿಯಮ ಹೋಯಿತು, ಹೆಂಗಸರಿಗೂ ಬಾಗಿಲು ತೆರೆಯಿತು. ಲಿಸ್, ಜುಬಿಲಿ ಎಂಬ ಹೆಣ್ಣುಕುದುರೆಯ ಮೇಲೆ ಗಂಡಸರ ಜೊತೆಗೇ ಸ್ಪರ್ಧಿಸಿ ಬೆಳ್ಳಿ ಗೆದ್ದಳು. ಇಂದಿಗೂ ಈ ಆಟದಲ್ಲಿ ಗಂಡು, ಹೆಣ್ಣಿಗೆ ಬೇರೆ ಬೇರೆ ಪಟ್ಟಿಯಿಲ್ಲ. ಕೆಳಗಾಲಿನ ಬಲವೇ ಇಲ್ಲದವಳು ಬೆನ್ನಿನಿಂದ, ಭಾರದಿಂದ ಕುದುರೆಗೆ ಎಲ್ಲ ಹೇಳಿದಳು. ಎರಡು ಗಟ್ಟಿ ಕಾಲಿಟ್ಟುಕೊಂಡು ನಾನು ಅವುಚುತ್ತಿದ್ದೇನೆ.

ಭಾನುವಾರ ಲಾಯದ ಒಳಗಿನವರಿಗಷ್ಟೇ ಒಂದು ಪರೀಕ್ಷೆ. ಬೂಟಿಗೆ ಪಾಲಿಶ್, ಕರಿಯನ ಜೂಲಿಗೆ ಜಡೆ. ಪ್ರತಿ ಚಲನೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಬೇಲಿಯ ಹೊರಗೆ ನಿಂತ ಗೆಳತಿ ಮುಂದಿನ ಚಲನೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅಭ್ಯಾಸ ಮಾಡಿಸುತ್ತಾ ಮೇಷ್ಟ್ರು ಹೇಳಿದ್ದು ಒಂದೇ: ‘ಎಳೆಯಬೇಕು ಅನ್ನಿಸಿದಾಗೆಲ್ಲ ಉಸಿರು ಬಿಡಿ.’

ಮೊದಲ ವೃತ್ತ ಮೊಟ್ಟೆ. ಎರಡನೆಯದು ಇಡ್ಲಿ ಎನ್ನಬಹುದು. ಕರ್ಣದುದ್ದಕ್ಕೆ ಟ್ರಾಟ್ ಹೋಗುವಾಗ ನಿನ್ನೆಯ ಟಾರ್ಪಾಲು ಮತ್ತೆ ಪಟಗುಟ್ಟಿತು. ಕರಿಯನ ಕಿವಿ ಅತ್ತ ತಿರುಗಿತು. ನನ್ನ ಬೆರಳು ಮುಚ್ಚಿಕೊಂಡವು. ಉಸಿರು ಬಿಟ್ಟೆ, ಬೆರಳೂ ಸಡಿಲವಾದವು. ಆ ಕಿವಿ ಹಿಂದಕ್ಕೆ, ನನ್ನ ಕಡೆಗೆ ಬಂತು. ತಕ ತಕ, ಲಯ ತಪ್ಪಲಿಲ್ಲ. ಕೊನೆಗೆ ನಡುಗೆರೆಯ ಮೇಲೆ ಬಂದು, ಎಕ್ಸ್ ಎಂದು ನಾನು ಅಂದುಕೊಂಡ ಜಾಗದಲ್ಲಿ ಬೆನ್ನು ಗಟ್ಟಿ ಮಾಡಿದೆ. ನಿಂತ.

ಒಟ್ಟು 56 ಶೇಕಡ. ಹೇಳಿಕೊಳ್ಳುವಂಥದ್ದಲ್ಲ. ಆ ಕೊನೆಯ ನಿಲುವಿಗೆ ಮಾತ್ರ ಏಳು ಅಂಕವಿತ್ತು. ಹಾಳೆಯನ್ನು ಎಲ್ಲರಿಗೂ ತೋರಿಸುತ್ತಾ ಲಾಯಕ್ಕೆ ಬಂದಾಗ ಸೈಸಣ್ಣ ಅದರತ್ತ ತಿರುಗಿಯೂ ನೋಡಲಿಲ್ಲ. ಕಡಿವಾಣ ಕಳಚಿದರು. ಬಟ್ಟೆ ಒದ್ದೆ ಮಾಡಿ ಕರಿಯನ ಬಾಯಿಯ ಬಲ ಅಂಚು ಒರೆಸಿದರು, ಎಡ ಅಂಚನ್ನು ಹೆಬ್ಬೆರಳಿಂದ ಸರಿಸಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ‘ಮಿಕ್ಕಿದ್ದು ನೀವೇ ಒರೆಸಿ ಮೇಡಂ, ನಾನು ಹುಲ್ಲು ತರ್ತೀನಿ’ ಎಂದು ಹೋದರು.