ಪ್ರತಿಫಲಕ್ಕೆ ಅವಧಿಯ ನಿರ್ಣಯ: ಬ್ಯಾಡಗಿ ಟೆಂಡರಿನ ದೃಷ್ಟಾಂತ

ಒಂದು ಪ್ರಶ್ನೆಯನ್ನು ಹಲವರ ಮುಂದಿಟ್ಟು, ಉತ್ತಮವಾದ ಉತ್ತರಕ್ಕೆ ಪ್ರತಿಫಲವನ್ನು ಘೋಷಿಸುವ ಪದ್ಧತಿ ಹೊಸತಲ್ಲ. ಪ್ರತಿಫಲವು ಎಷ್ಟಿರಬೇಕೆಂಬುದನ್ನು ಎಲ್ಲರೂ ಚರ್ಚಿಸುತ್ತಾರೆ. ಅದು ಎಷ್ಟು ಕಾಲ ತೆರೆದಿರಬೇಕೆಂಬುದನ್ನು ಚರ್ಚಿಸುವವರು ವಿರಳ. ಮೊತ್ತದಂತೆಯೇ ಅವಧಿಯೂ ಫಲವನ್ನು ನಿರ್ಣಯಿಸುತ್ತದೆಂಬುದನ್ನು ಹಾವೇರಿ ಜಿಲ್ಲೆಯ ಪೇಟೆಗಳ ನಿದರ್ಶನದಿಂದ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಬ್ಯಾಡಗಿಯ ಪೇಟೆಗೆ ರೈತನು ತಂದ ಮೆಣಸಿನಕಾಯಿಯ ಚೀಲಗಳನ್ನು ದಲಾಲಿ ಅಂಗಡಿಯಲ್ಲಿ ಲಾಟುಗಳಾಗಿ ಇರಿಸುತ್ತಾರೆ. ಪ್ರತಿ ಲಾಟಿಗೂ ಒಂದು ಸಂಖ್ಯೆಯಿರುತ್ತದೆ. ಖರೀದಿದಾರರು ಅಂಗಡಿಯಿಂದ ಅಂಗಡಿಗೆ ಸುತ್ತಿ, ಕಾಯನ್ನು ಕೈಯಲ್ಲಿ ಹಿಡಿದು ನೋಡಿ, ತಮಗೆ ಯುಕ್ತವೆಂದು ತೋರಿದ ದರವನ್ನು ಗೊತ್ತುಪಡಿಸಿದ ವೇಳೆಯೊಳಗೆ ಗುಪ್ತವಾಗಿ ದಾಖಲಿಸುತ್ತಾರೆ. ವೇಳೆ ಮುಗಿದ ಬಳಿಕ ಅತ್ಯಧಿಕ ದರವು ಪ್ರಕಟವಾಗುತ್ತದೆ. ಅದು ಒಪ್ಪಿಗೆಯಾಗದಿದ್ದರೆ ರೈತನು ನಿರಾಕರಿಸಬಹುದು. ಇಲ್ಲಿ ಪ್ರತಿ ಲಾಟೂ ‘ಈ ಸರಕಿನ ಬೆಲೆಯೇನು?’ ಎಂಬ ಒಂದು ಪ್ರಶ್ನೆ; ಪ್ರತಿ ದರವೂ ಒಂದು ಉತ್ತರ; ಸರಕು ತನಗೆ ದೊರೆಯುವುದೇ ಅತ್ಯಧಿಕ ದರ ಬರೆದವನಿಗೆ ಪ್ರತಿಫಲ.

ಅವಧಿಯ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ಒಂದು ಲಾಟನ್ನು ಪರೀಕ್ಷಿಸಲು 2 ನಿಮಿಷ ಬೇಕೆಂದೂ, ಟೆಂಡರಿನ ಅವಧಿ 3 ತಾಸೆಂದೂ ಇಟ್ಟುಕೊಂಡರೆ, ಒಬ್ಬ ಖರೀದಿದಾರನು 90 ಲಾಟುಗಳನ್ನು ನೋಡಬಲ್ಲನು. ಅಂಥವರು 200 ಮಂದಿ ಇದ್ದರೆ ಒಟ್ಟು 18,000 ಪರೀಕ್ಷೆಗಳಾಗುತ್ತವೆ. ಪೇಟೆಯಲ್ಲಿ 6,000 ಲಾಟುಗಳಿದ್ದ ದಿನ ಪ್ರತಿಯೊಂದಕ್ಕೂ ಸರಾಸರಿ ಮೂವರು ದರ ಬರೆಯುವರು. ಲಾಟುಗಳು 18,000ಕ್ಕೆ ಏರಿದ ದಿನ ಒಬ್ಬನೇ. ಉತ್ತರಿಸುವವನು ಒಬ್ಬನೇ ಆದಲ್ಲಿ ಸ್ಪರ್ಧೆಯೆಂಬುದೇ ಇಲ್ಲ. ವಾಸ್ತವದಲ್ಲಿ ಸ್ಥಿತಿ ಇನ್ನೂ ವಿಷಮ: ಹೆಸರಾದ ಅಂಗಡಿಗಳ ದೊಡ್ಡ ಲಾಟುಗಳನ್ನು ಹತ್ತು ಮಂದಿ ನೋಡಿದರೆ, ಮೂಲೆಯ ಅಂಗಡಿಯಲ್ಲಿ ಬಡ ರೈತನಿಟ್ಟ ನಾಲ್ಕು ಚೀಲಗಳತ್ತ ಯಾರೂ ಸುಳಿಯದಿರಬಹುದು. ಗಡಿಯಾರವು ಎಲ್ಲರಿಗೂ ಒಂದೇ. ಆದರೆ ಅದರ ನಷ್ಟ ಎಲ್ಲರಿಗೂ ಒಂದೇ ಅಲ್ಲ.

ಸರಕಿನ ಸ್ವಭಾವವೂ ಗಮನಾರ್ಹ. ರಾಣೇಬೆನ್ನೂರಿನ ಪೇಟೆಗೆ ಬರುವ ಗೋವಿನಜೋಳದ ಗುಣವನ್ನು ಒಂದು ಹಿಡಿ ಕಾಳಿನಿಂದ ಬಹುಮಟ್ಟಿಗೆ ಅಳೆಯಬಹುದು. ಹಾವೇರಿಯ ಹತ್ತಿಯಲ್ಲಿ ಎಳೆಯ ಉದ್ದ, ತೇವ, ಕಸ ಇವನ್ನು ನೋಡಬೇಕು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಾದರೋ ಖಾರಕ್ಕಿಂತ ಬಣ್ಣಕ್ಕೆ ಬೆಲೆ ಪಡೆಯುವ ವಸ್ತು. ಬಣ್ಣ, ಸುಕ್ಕು, ತೇವ, ತೊಟ್ಟು ಎಲ್ಲವೂ ಪರೀಕ್ಷಾರ್ಹ. ಆದಕಾರಣ ಈ ಮೂರಕ್ಕೂ ಒಂದೇ ಅವಧಿ ಸಲ್ಲದು.

ಹಾಗೆಂದು ಅವಧಿಯನ್ನು ಮನಬಂದಂತೆ ಬೆಳೆಸುವುದೂ ಸರಿಯಲ್ಲ. ದರ ಪ್ರಕಟವಾಗುವುದು ತಡವಾದಷ್ಟೂ ತೂಕ ತಡವಾಗುತ್ತದೆ. ದೂರದ ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದ ಬಂದ ರೈತನು ರಾತ್ರಿಯನ್ನು ಪೇಟೆಯಲ್ಲಿಯೇ ಕಳೆಯಬೇಕಾಗುತ್ತದೆ. ಕಾಯುವ ವೆಚ್ಚವನ್ನು ಹೊರುವವನು ಅವನೇ. ದಣಿದವನು ಕಡಿಮೆ ದರಕ್ಕೂ ಒಪ್ಪಿಬಿಡುವನು.

ಅವಧಿಯ ವಿಷಯದಲ್ಲಿ ಅನ್ಯತ್ರ ನಡೆದ ಎರಡು ಪ್ರಸಂಗಗಳು ಬೋಧಪ್ರದವಾಗಿವೆ. ಸಮುದ್ರದಲ್ಲಿ ರೇಖಾಂಶವನ್ನು ಕಂಡುಹಿಡಿಯುವ ಉಪಾಯಕ್ಕೆ ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡುಗಳವರೆಗೆ ಪ್ರತಿಫಲ ಘೋಷಿಸಿತು. ಜಾನ್ ಹ್ಯಾರಿಸನ್ನನ ಗಡಿಯಾರವು 1761ರಲ್ಲಿ ಹೊರಟ ಜಮೈಕಾ ಯಾನದಲ್ಲಿ ಪರೀಕ್ಷೆಗೊಳಗಾಯಿತು. ಆದರೆ 1765ರ ಶಾಸನವು ಹೊಸ ಕರಾರುಗಳನ್ನು ಹೇರಿತು, 8,750 ಪೌಂಡುಗಳ ಕಡೆಯ ಹಣ ಆತನ ಕೈಸೇರಿದುದು 1773ರಲ್ಲಿ. ಇಲ್ಲಿ ತೀರ್ಪಿಗೆ ಗಡುವಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಚಂದ್ರನ ಮೇಲೆ ಖಾಸಗಿ ನೌಕೆಯಿಳಿಸುವವರಿಗೆಂದು 2007ರಲ್ಲಿ ಸಾರಿದ ಗೂಗಲ್ ಲೂನಾರ್ ಎಕ್ಸ್ ಬಹುಮಾನದ ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಬೆಂಗಳೂರಿನ ಟೀಮ್‌ಇಂಡಸ್ ಕೊನೆಯ ಐದು ತಂಡಗಳಲ್ಲಿ ಒಂದಾಗಿತ್ತು. 2018ರ ಮಾರ್ಚ್ 31ರ ಗಡುವಿನೊಳಗೆ ಯಾರೂ ಗುರಿ ಮುಟ್ಟದೆ ಬಹುಮಾನವು ಹಾಗೆಯೇ ಉಳಿಯಿತು. ಕೆಲಸದ ಗಾತ್ರವನ್ನು ಮೊದಲೇ ಅಳೆಯದೆ ಗೊತ್ತುಮಾಡಿದ ಅವಧಿಯನ್ನು ಪದೇ ಪದೇ ತಿದ್ದಬೇಕಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಇವುಗಳಿಂದ ಮೂರು ನಿಯಮಗಳನ್ನು ಗ್ರಹಿಸಬಹುದು. ಮೊದಲನೆಯದಾಗಿ, ಅವಧಿಯು ಕೊಡುವವನ ಅನುಕೂಲದಿಂದಲ್ಲ, ಉತ್ತರಿಸುವವನ ಶ್ರಮದಿಂದ ನಿರ್ಣಯವಾಗಬೇಕು. ಪೇಟೆಯಲ್ಲಿ ಇದರ ಅರ್ಥ, ಆವಕವು ದಾಖಲಾದ ಕೂಡಲೇ ಆ ದಿನದ ಲಾಟುಗಳಿಗೆ ತಕ್ಕಂತೆ ವೇಳೆಯನ್ನು ಸಾರುವುದು. ಎರಡನೆಯದಾಗಿ, ವಿಸ್ತರಣೆ ಅನಿವಾರ್ಯವಾದರೆ ಯಾವ ಉತ್ತರವನ್ನೂ ತೆರೆಯುವ ಮುನ್ನ, ಎಲ್ಲರಿಗೂ ಸಮನಾಗಿ ಆಗಬೇಕು. ದರಗಳು ಗುಪ್ತವಾಗಿರುವವರೆಗೆ ಹೆಚ್ಚಿನ ವೇಳೆಯು ಪರೀಕ್ಷೆಗೆ ಅವಕಾಶ ನೀಡುತ್ತದೆ, ತಿಳಿದುಹೋದ ಮೇಲೆ ಒಳಸಂಚಿಗೆ ಅವಕಾಶ ನೀಡುತ್ತದೆ. ಮೂರನೆಯದಾಗಿ, ಉತ್ತರ ಬಾರದ ಪ್ರಶ್ನೆಯ ಗತಿಯೇನೆಂಬುದು ಮೊದಲೇ ನಿಶ್ಚಿತವಾಗಿರಬೇಕು. ಯಾರೂ ನೋಡದ ಲಾಟಿಗೆ ಅದೇ ದಿನ ಎರಡನೆಯ ಸುತ್ತಿನ ಅವಕಾಶವಿರುವುದು ನ್ಯಾಯ.

2024ರ ಮಾರ್ಚ್ 11ರಂದು ದರ ಕುಸಿದುದರಿಂದ ಕೆರಳಿದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಬೆಲೆಯ ಏರಿಳಿತಕ್ಕೆ ಬೆಳೆ, ದಾಸ್ತಾನು, ಬೇಡಿಕೆ ಮುಂತಾದ ಕಾರಣಗಳು ಅನೇಕ. ಗಡುವನ್ನು ತಿದ್ದಿದ ಮಾತ್ರಕ್ಕೆ ಅವು ನಿವಾರಣೆಯಾಗವು. ಆದರೆ ತನ್ನ ಸರಕನ್ನು ನೋಡುವವರು ನೋಡಿಯೇ ದರ ಬರೆದರೆಂಬ ನಂಬಿಕೆ ರೈತನಿಗಿದ್ದರೆ, ಕಡಿಮೆ ದರವೂ ಅನ್ಯಾಯವೆಂದು ತೋರುವುದಿಲ್ಲ. ಆ ನಂಬಿಕೆಯನ್ನು ಗಳಿಸಿಕೊಡುವ ಸಾಧನಗಳಲ್ಲಿ ಯೋಗ್ಯವಾದ ಅವಧಿಯೂ ಒಂದು.